ಮನಿ ಹಾಲಾತು

ಸಿಂಧನೂರಿನಿಂದ ಮಸ್ಕಿ ಮೇಲೆ ಹಾದು ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ನಾವು ಎಷ್ಟು ಸಲ ಕೂತಿದ್ದೇವೋ ಲೆಕ್ಕ ಇಟ್ಟಿಲ್ಲ. ಬಗಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಆ ಚೀಲದಲ್ಲಿ ನಮ್ಮ ಮನೆತನದ ಇತಿಹಾಸ: ಅಜ್ಜನ ಕಾಲದ ಪುನರ್ವಸತಿ ಕಾಗದ, ಅಪ್ಪನ ಶಾಲೆಯ ಟಿ.ಸಿ., ರೇಷನ್ ಕಾರ್ಡು, ಜೆರಾಕ್ಸಿನ ಜೆರಾಕ್ಸು. ಪಕ್ಕದಲ್ಲಿ ಕೂತವರು ಮಾತು ತೆಗೆಯುತ್ತಾರೆ.

"ಯಾವೂರು ತಮ್ಮಾ?"

"ಸಿಂಧನೂರು ರೀ."

"ಸಿಂಧನೂರಾಗ ಎಲ್ಲಿ?"

"ಆರ್.ಎಚ್. ಕ್ಯಾಂಪು."

"ಓ... ಬಾಂಗ್ಲಾದೋರಾ! ಆದ್ರೂ ಕನ್ನಡ ಭಾಳ ಚಲೋ ಮಾತಾಡ್ತೀರಿ ಬಿಡ್ರಿ."

ಇದು ಮೆಚ್ಚುಗೆಯ ಮಾತು. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಗೆಳೆಯರೆ, ಈ ಮೆಚ್ಚುಗೆ ಕೇಳಿದಾಗಲೆಲ್ಲ ಅಂಗಾಲಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ನಾವು ಹುಟ್ಟಿದ್ದು ಸಿಂಧನೂರಿನಲ್ಲಿ. ನಮ್ಮಪ್ಪ ಹುಟ್ಟಿದ್ದೂ ಇಲ್ಲೇ. ನಾವು ಬೈದಾಡುವುದು ಕನ್ನಡದಲ್ಲಿ, ಕವಿತೆ ಬರೆಯುವುದು ಕನ್ನಡದಲ್ಲಿ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಪಾಸಾದವರು ನಾವು. ಅದೂ ಕನ್ನಡ ಮಾಧ್ಯಮದಲ್ಲಿ. ಬಸ್ಸಿನಲ್ಲಿ ಕೂತ ಬೇರೆ ಯಾರಿಗೂ "ಕನ್ನಡ ಚಲೋ ಮಾತಾಡ್ತೀರಿ" ಎಂದು ಯಾರೂ ಹೇಳುವುದಿಲ್ಲ. ನಮಗೆ ಮಾತ್ರ ಹೇಳುತ್ತಾರೆ. ಐವತ್ತು ವರ್ಷವಾದರೂ ನಮ್ಮ ಪರೀಕ್ಷೆ ಮುಗಿದಿಲ್ಲ.

ಹಾಗಾದರೆ ನಾವು ಯಾರು? ಹೇಳುತ್ತೇವೆ ಕೇಳಿ.

ನಮ್ಮಜ್ಜಿ ಖುಲ್ನಾ ಜಿಲ್ಲೆಯಾಕೆ. ಈಗ ಅದು ಬಾಂಗ್ಲಾದೇಶ, ಆಗ ಪೂರ್ವ ಪಾಕಿಸ್ತಾನ. 1963ರ ಡಿಸೆಂಬರಿನಲ್ಲಿ ದೂರದ ಶ್ರೀನಗರದ ಹಜರತ್‌ಬಾಲ್ ದರ್ಗಾದಲ್ಲಿ ಪವಿತ್ರ ಕೂದಲೊಂದು ಕಾಣೆಯಾಯಿತು. ಅದು ಕೆಲವೇ ದಿನಗಳಲ್ಲಿ ಸಿಕ್ಕಿತು. ಆದರೆ ಆ ಕಿಡಿಗೆ 1964ರ ಜನವರಿಯಲ್ಲಿ ಖುಲ್ನಾ ಹೊತ್ತಿ ಉರಿಯಿತು. ಕಾಶ್ಮೀರ ಎಲ್ಲಿದೆ ಎಂದು ನಮ್ಮಜ್ಜಿಗೆ ಸಾಯುವತನಕ ಗೊತ್ತಿರಲಿಲ್ಲ. ಆಕೆಗೆ ಗೊತ್ತಿದ್ದದ್ದು ಇಷ್ಟೇ: ಮನೆ ಸುಟ್ಟವರು ಮುಸಲ್ಮಾನರು, ರಾತ್ರಿ ದೋಣಿಯಲ್ಲಿ ಹೊಳೆ ದಾಟಿಸಿದವನೂ ಮುಸಲ್ಮಾನ. ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದಳು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟವಳಲ್ಲ.

ಗಡಿ ದಾಟಿದವರನ್ನು ರಾಯಪುರದ ಹತ್ತಿರದ ಮಾನಾ ಕ್ಯಾಂಪಿಗೆ ತುಂಬಿದರು. ಅಲ್ಲಿಂದ ದೇಶದ ಮೂಲೆಮೂಲೆಗೆ ಹಂಚಿದರು. ಹೆಚ್ಚಿನವರು ದಂಡಕಾರಣ್ಯದ ಕಲ್ಲುಕಾಡಿಗೆ ಹೋದರು. ಮಲ್ಕಾನಗಿರಿಗೆ ಹೋದರು. ನಮ್ಮ ಪಾಲಿಗೆ ಬಂದದ್ದು ರಾಯಚೂರು ಜಿಲ್ಲೆ, ಸಿಂಧನೂರು ತಾಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಿದ್ದ ಸೀಮೆ. ನೆಲ್ಲು ಬೆಳೆಯುವ ಕೈ ಬೇಕಾಗಿತ್ತು. 1970ರ ದಶಕದಲ್ಲಿ ನಮ್ಮವರಿಗೆ ಇಲ್ಲಿ ಭೂಮಿ ಕೊಟ್ಟು, ಸಾಲುಮನೆ ಹಾಕಿಸಿ, ಊರಿಗೆ ಹೆಸರಿನ ಬದಲು ನಂಬರು ಕೊಟ್ಟರು. ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು, ನಾಲ್ಕು. ಸುತ್ತಲಿನ ಹಳ್ಳಿಗಳಿಗೆಲ್ಲ ದೇವರ ಹೆಸರು, ಹಳ್ಳದ ಹೆಸರು, ಗಿಡದ ಹೆಸರು. ನಮಗೆ ಮಾತ್ರ ನಂಬರು.

ದಂಡಕಾರಣ್ಯಕ್ಕೆ ಹೋದವರ ಗತಿ ನಮ್ಮಜ್ಜಿ ಆಗಾಗ ನೆನೆಯುತ್ತಿದ್ದಳು. ಆ ಕಲ್ಲುನೆಲದಲ್ಲಿ ಬಾಳಲಾರದೆ ಸಾವಿರಾರು ಜನ 1978ರಲ್ಲಿ ಬಂಗಾಳಕ್ಕೆ ಮರಳಿ ಸುಂದರಬನದ ಮರೀಚಝಾಂಪಿ ದ್ವೀಪದಲ್ಲಿ ಗುಡಿಸಲು ಹಾಕಿಕೊಂಡರು. 1979ರಲ್ಲಿ ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿತು, ಅನ್ನ ನೀರು ತಡೆಯಿತು, ಪೊಲೀಸರು ಗುಂಡು ಹಾರಿಸಿದರು, ಮೇ ತಿಂಗಳಲ್ಲಿ ಗುಡಿಸಲು ಸುಟ್ಟು ಓಡಿಸಿದರು. ಅದು ಬಡವರ ಹೆಸರಿನಲ್ಲಿ ಗೆದ್ದು ಬಂದ ಎಡರಂಗದ ಸರ್ಕಾರವೇ ಆಗಿತ್ತು. ಸತ್ತವರ ಲೆಕ್ಕದ ಬಗ್ಗೆ ಇಂದಿಗೂ ಜಗಳವಿದೆ. ಸತ್ತವರ ಜಾತಿಯ ಬಗ್ಗೆ ಜಗಳವಿಲ್ಲ. ಅವರಲ್ಲಿ ಬಹುಪಾಲು ನಮ್ಮವರು, ನಾಮಶೂದ್ರರು.

ಇನ್ನು ಕನ್ನಡದ ಮಾತಿಗೆ ಬರೋಣ.

ನಮಗೆ ಕನ್ನಡ ಕಲಿಸಿದ್ದು ಸರ್ಕಾರ ಅಲ್ಲ. ಸಾಲಿಯೂ ಅಲ್ಲ, ಅದು ಆಮೇಲೆ ಬಂತು. ನಮ್ಮಜ್ಜಿಗೆ ಕನ್ನಡ ಬಂದದ್ದು ಕೆಸರಿನಲ್ಲಿ. ಕೊಟ್ಟ ಭೂಮಿ ಹದಕ್ಕೆ ಬರುವತನಕ ಹೊಟ್ಟೆ ಕೇಳಬೇಕಲ್ಲ? ಆಕೆ ಪಕ್ಕದೂರಿನ ಗದ್ದೆಗೆ ನಾಟಿ ಹಚ್ಚಲು ಕೂಲಿ ಹೋದಳು. ಸಾಲಿನಲ್ಲಿ ಆಕೆಯ ಬಲಗಡೆ ಬಗ್ಗಿದವಳು ಆ ಊರಿನ ಮಾದಿಗರ ಕೇರಿಯ ಹೆಣ್ಣುಮಗಳು. ನಾವು ಆಕೆಯನ್ನು ದೊಡ್ಡವ್ವ ಅಂತ ಕರೆಯುತ್ತಿದ್ದೆವು. ನೆಲ್ಲು ಹಚ್ಚುವುದರಲ್ಲಿ ನಮ್ಮಜ್ಜಿಯ ಕೈ ಚುರುಕು, ಖುಲ್ನಾದ ಕೈ ಅದು. ಮಾತಿನಲ್ಲಿ ದೊಡ್ಡವ್ವ ಚುರುಕು. ಒಬ್ಬಾಕೆ ಸಸಿ ಹಿಡಿಯುವ ಬಗೆ ತೋರಿಸಿದಳು, ಇನ್ನೊಬ್ಬಾಕೆ ಸಸಿಗೆ ಏನನ್ನುತ್ತಾರೆ ಅಂತ ತೋರಿಸಿದಳು. ನೀರು, ಕೆಸರು, ಬದು, ಬುತ್ತಿ, ಉಪ್ಪು. ಆಮೇಲೆ "ಕೂಲಿ ಕಡಿಮಿ ಆತು ಗೌಡ್ರ". ಇದು ನಮ್ಮಜ್ಜಿ ಕಲಿತ ಮೊದಲನೆಯ ಪೂರಾ ವಾಕ್ಯ. ದೊಡ್ಡವ್ವ ಆಕೆಯ ಬಾಯಲ್ಲೇ ಹೇಳಿಸಿದಳಂತೆ. ತಾನು ಹೇಳಿದರೆ ಬೈಗುಳ ಬೀಳುತ್ತದೆ, ಹೊಸಬಳು ಹೇಳಿದರೆ ಗೌಡ ನಗುತ್ತಾನೆ ಅಂತ. ಗೌಡ ನಕ್ಕ. ಕೂಲಿ ಮಾತ್ರ ಹೆಚ್ಚಲಿಲ್ಲ.

ಬಂಗಾಲಿ ನಾಲಿಗೆಗೆ ಳಕಾರ ಹೊರಳುವುದಿಲ್ಲ. ವಕಾರ ಬಕಾರವಾಗುತ್ತದೆ. ದೊಡ್ಡವ್ವ ನಮ್ಮಜ್ಜಿಯ ಬಾಯಲ್ಲಿ ದೊಡ್ಡಬ್ಬ ಆದಳು. ಮಳಿ ಮಲಿ ಆಯಿತು, ಬ್ಯಾಳಿ ಬ್ಯಾಲಿ ಆಯಿತು. ಒಂದು ದಿನ ಬದುವಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಾಗ ಹೆಂಗಸರು ಕೇಳಿದರಂತೆ, "ಅಲ್ಲಬೇ, ನಿಮ್ಮೂರು ಬಿಟ್ಟು ಇಷ್ಟು ದೂರ ಯಾಕ ಬಂದ್ರಿ?" ನಮ್ಮಜ್ಜಿ ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದಳು: "ಬೆಂಕಿ ಹಚ್ಚಿದ್ರು. ನಮ್ಮ ಮನಿ ಹಾಲಾತು."

ಹೆಂಗಸರು ಗೊಳ್ಳೆಂದು ನಕ್ಕರು. ಮನಿ ಹೆಂಗ ಹಾಲಾಗ್ತದಬೇ? ಆಕೆಗೆ ನಗು ಯಾಕೆಂದು ತಿಳಿಯಲಿಲ್ಲ. ಮತ್ತೆ ಹೇಳಿದಳು, "ಹಾಲಾತು, ಎಲ್ಲ ಹಾಲಾತು." ಹೇಳುತ್ತ ಅಳತೊಡಗಿದಳು. ಆಗ ದೊಡ್ಡವ್ವ ಮಿಕ್ಕವರಿಗೆ ಕಣ್ಣು ಬಿಟ್ಟು, ನಮ್ಮಜ್ಜಿಯ ಕೈ ಹಿಡಿದು, ನಾಲಿಗೆಯನ್ನು ಅಂಗಳಕ್ಕೆ ಮಡಚಿ ತೋರಿಸಿದಳಂತೆ. "ಹಾ...ಳಾ...ತು. ನಾಲಗಿ ಮ್ಯಾಲ ಮಡಚು. ಹಾಳಾತು ಅನ್ನು." ಆಕೆಗೆ ಬರಲಿಲ್ಲ. ಸಾಯುವತನಕ ಬರಲಿಲ್ಲ. ಆದರೆ ಆ ದಿನದಿಂದ ಆ ಸಾಲಿನ ಹೆಂಗಸರು ಯಾರ ಮನೆಯಲ್ಲಿ ದುಃಖವಾದರೂ "ಮನಿ ಹಾಲಾತು" ಅನ್ನತೊಡಗಿದರು. ಕನ್ನಡ ಕಲಿಯಲು ಹೋದಾಕೆ ಕನ್ನಡಕ್ಕೆ ಒಂದು ಮಾತು ಸೇರಿಸಿ ಬಂದಳು.

ಇಲ್ಲಿಯತನಕ ಹೇಳಿದ್ದು ಚೆಂದದ ಕತೆ. ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಸಿಗುತ್ತದೆ. ಆದರೆ ನಿಲ್ಲಿಸುವಂತಿಲ್ಲ.

ಆ ಊರಿನಲ್ಲಿ ಒಂದು ಚಹಾದ ಹೋಟೆಲು. ದೊಡ್ಡವ್ವನಿಗೆ ಹೊರಗೆ ಚಹಾ. ಗೋಡೆಯ ಗೂಡಿನಲ್ಲಿ ಬೇರೆ ಕಪ್ಪು, ತಾನೇ ತೊಳೆದು ಇಡಬೇಕು. ಅದೇ ಗದ್ದೆಯಿಂದ, ಅದೇ ಕೆಸರಿನ ಕಾಲಲ್ಲಿ ಬಂದ ನಮ್ಮಜ್ಜಿಗೆ ಒಳಗೆ ಬೆಂಚು. ಯಾಕೆ? ನಮ್ಮ ಜಾತಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಬಂಗಾಲಿಗಳು" ಅಂದರೆ ಅದೇ ಒಂದು ಜಾತಿ ಅಂತ ತಿಳಿದಿದ್ದರು. ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಹೇಳಬಹುದಾಗಿತ್ತು. ಬಂಗಾಳದಲ್ಲಿ ನಮ್ಮನ್ನು ಚಂಡಾಲರು ಅನ್ನುತ್ತಿದ್ದರು. ಸರ್ಕಾರದ ಜನಗಣತಿ ಪುಸ್ತಕದಲ್ಲೇ ಹಾಗೆ ಬರೆದಿತ್ತು. ನಮ್ಮ ಹಿರಿಯರು ದಶಕಗಟ್ಟಲೆ ಹೋರಾಡಿ 1911ರ ಜನಗಣತಿಯಲ್ಲಿ ಆ ಹೆಸರು ಅಳಿಸಿ ನಾಮಶೂದ್ರ ಎಂದು ಬರೆಸಿದರು. ಹರಿಚಾಂದ್ ಠಾಕೂರರು ಬ್ರಾಹ್ಮಣರ ಮಂತ್ರ ಬೇಡ, ದುಡಿಮೆ ಮತ್ತು ಹೆಸರಿನ ಜಪ ಸಾಕು ಎಂದು ಮತುವಾ ಪಂಥ ಕಟ್ಟಿದರು. ಅವರ ಮಗ ಗುರುಚಾಂದ್ ಠಾಕೂರರು ಓರಾಕಾಂದಿಯಲ್ಲಿ ನಮ್ಮ ಮಕ್ಕಳಿಗಾಗಿ ಶಾಲೆ ತೆಗೆದರು. ಖುಲ್ನಾದ ಬಾಬುಗಳ ಅಂಗಳದಲ್ಲಿ ನಮ್ಮಜ್ಜಿಗೂ ಬೇರೆ ಪಾತ್ರೆಯೇ ಇತ್ತು. ಆ ಗೂಡಿನ ಕಪ್ಪನ್ನು ನೋಡಿದ ಕೂಡಲೆ ಅದು ಏನೆಂದು ನಮ್ಮಜ್ಜಿಗೆ ತಿಳಿಯಿತು. ಅದಕ್ಕೆ ಕನ್ನಡ ಬೇಕಾಗಲಿಲ್ಲ. ತಿಳಿದೂ ಒಳಗೆ ಹೋಗಿ ಕೂತಳು. ಬೆಂಚಿನ ಮೇಲೆ ಕೂತು ಹೊರಗೆ ನಿಂತ ದೊಡ್ಡವ್ವನ ಕಡೆ ನೋಡದೆ ಚಹಾ ಕುಡಿದಳು.

ಈ ಮಾತನ್ನು ಆಕೆ ಕಡೆಗಾಲದಲ್ಲಿ ನಮಗೆ ಹೇಳಿದಳು. ಮನೆ ಸುಟ್ಟ ಕತೆಯನ್ನು ನೂರು ಸಲ ಹೇಳಿದಾಕೆ, ಚಹಾದ ಕತೆಯನ್ನು ಒಂದೇ ಸಲ ಹೇಳಿದಳು.

ನಮ್ಮ ಕ್ಯಾಂಪಿನ ಹಿರಿಯರಿಗೆ ಈ ಬರಹ ಸಿಟ್ಟು ತರುತ್ತದೆ ಎಂದು ಗೊತ್ತು. ಅವರು ಅನ್ನುತ್ತಾರೆ: ದಿಕ್ಕಿಲ್ಲದೆ ಬಂದಿದ್ದೆವು, ಪರದೇಶಿಗಳು ಎಂಬ ಒಂದು ಮುದ್ರೆ ಸಾಲದಿತ್ತೆ, ಇನ್ನೊಂದನ್ನೂ ಹಣೆಗೆ ಒತ್ತಿಕೊಳ್ಳಬೇಕಿತ್ತೆ? ಅವರ ಭಯ ನಮಗೆ ಅರ್ಥವಾಗುತ್ತದೆ. ಆದರೆ ಭಯ ನಿಂತ ಮೇಲೂ ಸುಳ್ಳು ನಿಲ್ಲಲಿಲ್ಲ. ಕೇರಿಯ ಕಡೆ ನಮ್ಮ ಕಾಲು ತಿರುಗಲಿಲ್ಲ.

ಈಗ ಅಕ್ಷರದ ಕತೆ. ನಾವು ಓದಿದ್ದು ಕನ್ನಡ ಸಾಲಿಯಲ್ಲಿ. ಮಾಸ್ತರರು ಹಾಜರಿ ಕರೆಯುವಾಗ ನಮ್ಮ ಹೆಸರುಗಳನ್ನು ಮುರಿದು ಕಟ್ಟುತ್ತಿದ್ದರು, ನಾವು "ಬಂದೀನ್ರಿ ಸರ್" ಅನ್ನುತ್ತಿದ್ದೆವು. ಮನೆಯಲ್ಲಿ ಬಂಗಾಲಿ, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗೂ ಸೇರಿದ ಸಿಂಧನೂರಿನ ಮಾತು. ಳಕಾರ ನಮ್ಮ ನಾಲಿಗೆಗೆ ಸಲೀಸಾಗಿ ಬಂತು. ಅದೇ ಹೊತ್ತಿಗೆ ಬಂಗಾಲಿ ಅಕ್ಷರ ಕಣ್ಣಿನಿಂದ ಹೋಯಿತು. ಬಂಗಾಲಿ ನಮಗೆ ಕಿವಿಯ ಭಾಷೆ ಮಾತ್ರ. ಢಾಕಾದ ಬೀದಿಯಲ್ಲಿ 1952ರ ಫೆಬ್ರವರಿ 21ರಂದು ಇದೇ ಭಾಷೆಗಾಗಿ ಹುಡುಗರು ಗುಂಡಿಗೆ ಎದೆ ಕೊಟ್ಟರು. ಆ ದಿನವನ್ನೇ ಯುನೆಸ್ಕೋ 1999ರಲ್ಲಿ ಜಗತ್ತಿನ ತಾಯ್ನುಡಿಯ ದಿನವೆಂದು ಸಾರಿತು. ಆ ಭಾಷೆಯಲ್ಲಿ ನಮ್ಮ ಹೆಸರು ಬರೆಯಲು ನಮಗೆ ಬರುವುದಿಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ. ಏನು ಪಡೆದೆವು ಎಂಬುದರ ಜೊತೆಗೆ ಏನು ತೆತ್ತೆವು ಎಂಬ ಲೆಕ್ಕವೂ ಇರಲಿ ಅಂತ.

ಇನ್ನು ಕಾಗದದ ಕತೆ. ನಮ್ಮಪ್ಪ ಹುಟ್ಟಿದ್ದು ಈ ಕ್ಯಾಂಪಿನಲ್ಲಿ, 1976ರಲ್ಲಿ. 1987ರ ಜುಲೈ 1ಕ್ಕಿಂತ ಮೊದಲು ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಹೀಗಾಗಿ ಅವನು ಪ್ರಜೆ. ನಮ್ಮವ್ವ ಹಾಗಲ್ಲ. ಆಕೆ ಹತ್ತು ವರ್ಷದ ಹುಡುಗಿಯಾಗಿ 1990ರಲ್ಲಿ ಸೋದರಮಾವನ ಕೈ ಹಿಡಿದು ಗಡಿ ದಾಟಿದಾಕೆ. ಬರುವಾಗ ತಂದದ್ದು ಒಂದು ಹಿತ್ತಾಳೆ ಚೊಂಬು. ನಾವು ಹುಟ್ಟಿದ್ದು 2001ರಲ್ಲಿ. ಅಪ್ಪ ಪ್ರಜೆಯಾದ್ದರಿಂದ ನಾವೂ ಪ್ರಜೆ. ನಮ್ಮ ತಮ್ಮ ಹುಟ್ಟಿದ್ದು 2006ರಲ್ಲಿ. ಅಷ್ಟರಲ್ಲಿ ಕಾನೂನು ಬದಲಾಗಿತ್ತು. 2003ರ ತಿದ್ದುಪಡಿ 2004ರ ಡಿಸೆಂಬರ್ 3ರಿಂದ ಜಾರಿಗೆ ಬಂತು. ಅದರ ಪ್ರಕಾರ ಆಮೇಲೆ ಹುಟ್ಟಿದ ಮಗುವಿನ ತಂದೆ ತಾಯಿಯರಲ್ಲಿ ಒಬ್ಬರು ಪ್ರಜೆಯಾಗಿದ್ದರೂ ಇನ್ನೊಬ್ಬರು ಅಕ್ರಮ ವಲಸಿಗರಾಗಿದ್ದರೆ ಆ ಮಗು ಪ್ರಜೆಯಲ್ಲ.

ಒಂದೇ ಹೊಟ್ಟೆ, ಒಂದೇ ಮನೆ, ಒಂದೇ ಸೂಲಗಿತ್ತಿ. ದೊಡ್ಡವರು ಭಾರತದವರು, ಸಣ್ಣವನು ಎಲ್ಲಿಯವನೂ ಅಲ್ಲ. ಅವನಿಗೆ ನಮಗಿಂತ ಚೆಂದ ಕನ್ನಡ ಬರುತ್ತದೆ. ಜಾತ್ರೆಯಲ್ಲಿ ಬಯಲಾಟದ ಪದ ಕೇಳಿ ಬಂದು ಮನೆಯಲ್ಲಿ ಹಾಡುತ್ತಾನೆ. ಮೊನ್ನೆ ಕೇಳಿದ, "ಅಣ್ಣಾ, ನನ್ನನ್ನ ಒಬ್ಬನ್ನ ಕಳಸ್ತಾರೇನು? ನಂಗ ಅಲ್ಲಿ ಯಾರೂ ಗುರುತಿಲ್ಲ." ನಾವು ನಕ್ಕು ಬಿಟ್ಟೆವು. ಅವನು ನಗಲಿಲ್ಲ.

2019ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂತು. 2024ರ ಮಾರ್ಚ್ 11ರಂದು ಅದರ ನಿಯಮ ಹೊರಟವು. ಅದೇ ವರ್ಷ ನಮ್ಮ ಸಿಂಧನೂರಿನ ಕ್ಯಾಂಪುಗಳ ಕೆಲವರ ಕೈಗೆ ಪ್ರಮಾಣಪತ್ರವೂ ಬಂತು. ಅವರ ಮನೆಯಲ್ಲಿ ಸಿಹಿ ಹಂಚಿದರು, ನಾವೂ ತಿಂದೆವು. ಈ ಕಾಯ್ದೆಯಲ್ಲಿ ಅವ್ವನಿಗೆ ಪೌರತ್ವ ಸಿಕ್ಕರೆ ಅದು ಆಕೆ ದೇಶದೊಳಗೆ ಬಂದ ದಿನದಿಂದಲೇ ಸಿಕ್ಕಂತೆ. ಆಗ ತಮ್ಮನ ದಾರಿಯೂ ತೆರೆಯುತ್ತದೆ. ಅದಕ್ಕೇ ನಾವು ಅರ್ಜಿ ತುಂಬಲು ಕೂತಿದ್ದೇವೆ. ಆದರೆ ಕಣ್ಣು ಮುಚ್ಚಿಕೊಂಡು ತುಂಬುತ್ತಿಲ್ಲ. ಮೂರು ದೇಶದಿಂದ ಬಂದ ಆರು ಧರ್ಮದವರಿಗೆ ಈ ಬಾಗಿಲು. ನಮ್ಮಜ್ಜಿಯನ್ನು ಹೊಳೆ ದಾಟಿಸಿದ ದೋಣಿಯವನ ಮೊಮ್ಮಗ ಬಂದರೆ ಇದು ತೆರೆಯುವುದಿಲ್ಲ. ನಮಗೆ ಬಾಗಿಲು ಬೇಕು, ಬೇಕೇ ಬೇಕು. ಬಾಗಿಲ ಕಾಯುವವನು ಧರ್ಮ ಕೇಳಬಾರದು ಎಂದೂ ಹೇಳುತ್ತೇವೆ. ಎರಡನ್ನೂ ಒಂದೇ ದನಿಯಲ್ಲಿ ಹೇಳುವುದನ್ನು ಅಜ್ಜಿಯಿಂದ ಕಲಿತಿದ್ದೇವೆ.

ಅರ್ಜಿಯ ತಮಾಷೆ ಕೇಳಿ. ಮೂವತ್ತೈದು ವರ್ಷ ನಾವು ಇಲ್ಲಿಯವರು ಅಂತ ತೋರಿಸಲು ಒದ್ದಾಡಿದೆವು. ಈಗ ಅವ್ವ ತಾನು ಅಲ್ಲಿಯವಳು ಅಂತ ರುಜುವಾತು ಕೊಡಬೇಕು. ಅಲ್ಲಿನ ಸರ್ಕಾರ ಕೊಟ್ಟ ಯಾವುದಾದರೂ ಕಾಗದ ಬೇಕು. ತಂದೆ ತಾಯಿಯದೋ ಅಜ್ಜನದೋ ಆದರೂ ನಡೆಯುತ್ತದೆ. ಉಟ್ಟ ಸೀರೆಯಲ್ಲಿ ಓಡಿ ಬಂದವರನ್ನು ಕಾಗದ ಕೇಳುವುದೆಂದರೆ ಬೆಂಕಿ ಬಿದ್ದ ಮನೆಯವರನ್ನು ಮನೆಯ ನಕಾಶೆ ಕೇಳಿದಂತೆ. ನಮ್ಮ ಪುಣ್ಯಕ್ಕೆ ಸೋದರಮಾವನ ಟ್ರಂಕಿನಲ್ಲಿ ಅವ್ವನ ಅಜ್ಜನ ಹೆಸರಿನ ಒಂದು ಜಮೀನಿನ ಕಾಗದ ಸಿಕ್ಕಿತು. ಹಳದಿಯಾಗಿ, ಮಡಿಕೆಯಲ್ಲಿ ಹರಿದು, ಗೆದ್ದಲು ಒಂದು ಮೂಲೆ ತಿಂದಿತ್ತು. ನಾವು ಅಣ್ಣ ತಮ್ಮಂದಿರು ಅದನ್ನು ಹಿಡಿದು ಬೆಳಕಿಗೆ ಕೂತೆವು. ಒಂದಕ್ಷರ ತಿಳಿಯಲಿಲ್ಲ. ಅವ್ವ ಸಾಲಿ ಮೆಟ್ಟಿಲು ಹತ್ತಿದಾಕೆಯಲ್ಲ. ಅಜ್ಜಿ ತೀರಿಹೋಗಿದ್ದಳು. ನಮ್ಮದೇ ಇತಿಹಾಸ, ನಮ್ಮದೇ ಭಾಷೆ, ಪದವೀಧರರಾದ ನಾವು ಹೆಬ್ಬೆಟ್ಟಿನವರ ಹಾಗೆ ಕೂತಿದ್ದೆವು. ಕೊನೆಗೆ ಕ್ಯಾಂಪಿನ ಒಬ್ಬ ಮುದುಕರ ಹತ್ತಿರ ಒಯ್ದು ಓದಿಸಿದೆವು. ಮುತ್ತಜ್ಜನ ಹೆಸರು, ಊರಿನ ಹೆಸರು, ಕಸುಬು ಬೇಸಾಯ. ಅಷ್ಟು ಕೇಳಿ ಅವ್ವ ಸೆರಗು ಮುಖಕ್ಕೆ ಹಿಡಿದಳು. ತನ್ನ ಅಜ್ಜನ ಪೂರಾ ಹೆಸರು ಆಕೆಗೆ ಅವತ್ತೇ ಗೊತ್ತಾದದ್ದು.

ಪೌರತ್ವದ ಕಾಗದ ಒಂದು. ಜಾತಿಯ ಕಾಗದ ಇನ್ನೊಂದು. ಬಿ.ಎ. ಆದ ಮೇಲೆ ಬಿ.ಇಡಿ. ಓದುವ ಆಸೆಯಿಂದ ನಾವು ಪರಿಶಿಷ್ಟ ಜಾತಿಯ ಸರ್ಟಿಫಿಕೇಟಿಗೆ ಅರ್ಜಿ ಹಾಕಿದೆವು. ಒಂದು ಕಚೇರಿಯಲ್ಲಿ ಗುಮಾಸ್ತರು ಪಟ್ಟಿಯ ಮೇಲೆ ಬೆರಳಾಡಿಸಿ ಅಂದರು, "ನಿಮ್ಮ ಜಾತಿ ಇದರಾಗ ಇಲ್ಲ ತಮ್ಮಾ." ಅವರದೇನೂ ತಪ್ಪಿಲ್ಲ. ನಿಜವಾಗಿಯೂ ಇಲ್ಲ. ಸಂವಿಧಾನದ 341ನೆಯ ವಿಧಿಯ ಪ್ರಕಾರ ಒಂದೊಂದು ರಾಜ್ಯಕ್ಕೆ ಒಂದೊಂದು ಪಟ್ಟಿ. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟರು, ಅಸ್ಸಾಮಿನಲ್ಲಿ ಪರಿಶಿಷ್ಟರು, ಒಡಿಶಾದಲ್ಲಿ ಪರಿಶಿಷ್ಟರು. ಕರ್ನಾಟಕದಲ್ಲಿ ಅಲ್ಲ. ಮಾನಾ ಕ್ಯಾಂಪಿನಿಂದ ಒಂದೇ ದಿನ ಹೊರಟ ಇಬ್ಬರು ಅಣ್ಣತಮ್ಮಂದಿರಲ್ಲಿ ಮಲ್ಕಾನಗಿರಿಯ ಲಾರಿ ಹತ್ತಿದವನ ಮಕ್ಕಳಿಗೆ ಸರ್ಟಿಫಿಕೇಟಿದೆ. ಸಿಂಧನೂರಿನ ಕಡೆ ಬಂದವನ ಮಕ್ಕಳಿಗಿಲ್ಲ. ಒಂದು ರಾಜ್ಯದ ಪರಿಶಿಷ್ಟರು ಇನ್ನೊಂದು ರಾಜ್ಯಕ್ಕೆ ಹೋದರೆ ಆ ಹಕ್ಕು ಜೊತೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲಿ ಮಾರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿದೆ. ಪಟ್ಟಿ ಬದಲಾಗಬೇಕಾದರೆ ಪಾರ್ಲಿಮೆಂಟು ಕಾನೂನು ಮಾಡಬೇಕು. ನಮ್ಮವರು ವರ್ಷಾನುಗಟ್ಟಲೆ ಮನವಿ ಕೊಡುತ್ತಲೇ ಇದ್ದಾರೆ.

ಆ ದಿನ ಬರಿಗೈಯಲ್ಲಿ ಮರಳುವಾಗ ಮಸ್ಕಿಯಲ್ಲಿ ಇಳಿದೆವು. ನಮ್ಮ ಕಾಲೇಜಿನ ಗೆಳೆಯ ಅಲ್ಲಿಯವನು, ಮಾದಿಗರ ಹುಡುಗ. ಇಬ್ಬರೂ ಗುಡ್ಡದ ಹತ್ತಿರ ಅಶೋಕನ ಶಾಸನದ ಬಂಡೆಯ ಬಳಿ ಹೋಗಿ ಕೂತೆವು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಇದನ್ನು ಕಂಡ. ಅಲ್ಲಿಯತನಕ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದಷ್ಟೇ ಇತ್ತು. ಆ ಬಿರುದಿನ ರಾಜ ಅಶೋಕನೇ ಎಂದು ಈ ಮಸ್ಕಿಯ ಕಲ್ಲು ಹೆಸರು ಹಿಡಿದು ಹೇಳಿತು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ದೊಡ್ಡವನಿಗೆ ಮಾತ್ರವಲ್ಲ, ಸಣ್ಣವನಿಗೂ ಧರ್ಮದ ದಾರಿ ನಿಲುಕುತ್ತದೆ, ಇದನ್ನು ಇಬ್ಬರಿಗೂ ಹೇಳಿ ಎಂಬುದು ಅದರ ಸಾರ. ಎರಡು ಸಾವಿರ ವರ್ಷದ ಹಿಂದೆ ಉತ್ತರದಿಂದ ಬಂದ ಪರಭಾಷೆ ಈ ಕಲ್ಲಿನ ಮೇಲೆ ಕೂತಿದೆ. ನೀನು ಎಲ್ಲಿಂದ ಬಂದೆ ಎಂದು ಅದನ್ನು ಯಾರೂ ಕೇಳುವುದಿಲ್ಲ. ಬೇಲಿ ಹಾಕಿ ಕಾಪಾಡುತ್ತಾರೆ.

ಗೆಳೆಯನಿಗೆ ಸರ್ಟಿಫಿಕೇಟಿನ ಸಂಗತಿ ಹೇಳಿದೆವು. ಅವನು ನಕ್ಕ. "ನಿಮಗ ಜಾತಿ ಇಲ್ಲಂದ್ರ ಹಬ್ಬ ಮಾಡ್ರಲೇ. ನಮಗ ಅದನ್ನ ಬಿಡಸ್ಕೊಳ್ಳಾಕ ಆಗವಲ್ದು."

ಆಗ ನಾವು ಮೊದಲ ಸಲ ಬಾಯಿ ಬಿಟ್ಟು ಹೇಳಿದೆವು, ನಾವು ಯಾರು ಅಂತ. ಚಂಡಾಲ ಎಂಬ ಮಾತನ್ನೂ ಹೇಳಿದೆವು. ಹೋಟೆಲಿನ ಕತೆಯನ್ನೂ ಹೇಳಿದೆವು. ಬಾಬಾಸಾಹೇಬರು 1946ರಲ್ಲಿ ಸಂವಿಧಾನ ಸಭೆಗೆ ಮೊದಲು ಆರಿಸಿ ಹೋದದ್ದು ಬಂಗಾಳದಿಂದ, ಅದಕ್ಕೆ ಬೆನ್ನು ಕೊಟ್ಟವರು ನಮ್ಮ ಜೋಗೇಂದ್ರನಾಥ ಮಂಡಲ್, ದೇಶ ಒಡೆದಾಗ ನಮ್ಮ ಖುಲ್ನಾ ಪಾಕಿಸ್ತಾನಕ್ಕೆ ಹೋಯಿತು, ಬಾಬಾಸಾಹೇಬರು ಮುಂಬಯಿಯಿಂದ ಮತ್ತೆ ಆರಿಸಿ ಬರಬೇಕಾಯಿತು ಅಂತಲೂ ಹೇಳಿದೆವು. ಮಂಡಲ್ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು. 1950ರಲ್ಲಿ ರಾಜೀನಾಮೆ ಕೊಟ್ಟು ಅವರೂ ನಿರಾಶ್ರಿತರ ಹಾಗೆ ಕಲಕತ್ತೆಗೆ ಬಂದರು.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ ಮಾತು ಕಹಿಯಾಗಿತ್ತು: "ಐವತ್ತು ವರ್ಷ ಒಳಗ ಕುಂತು ಚಾ ಕುಡುದ್ರಿ. ಈಗ ಸರ್ಟಿಫಿಕೇಟ್ ಹಂಚೋ ಹೊತ್ತಿಗೆ ನಾವೂ ನಿಮ್ಮೋರು ಅಂತ ಬರ್ತೀರಿ. ನಮ್ಮ ನಮ್ಮ ಪಾಲಿನ ಜಗಳಾನ ಇನ್ನೂ ಮುಗುದಿಲ್ಲ." ಒಳಮೀಸಲಾತಿಯ ಸಂಕಟ ಅವನದು. ರಾಜ್ಯಗಳು ಒಳವಿಂಗಡಣೆ ಮಾಡಬಹುದು ಎಂದು 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಹೇಳುವ ತನಕ ಅವನ ಜನ ಮೂರು ದಶಕ ಬೀದಿಯಲ್ಲಿದ್ದರು.

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರಾ ಇಲ್ಲ. ಪಾಲಿನ ಲೆಕ್ಕ ಕೂತು ಮಾತಾಡಿ ಬಗೆಹರಿಸಿಕೊಳ್ಳುವಂಥದ್ದು. ಆದರೆ ಒಂದು ಮಾತು ಅಲ್ಲೇ ಒಪ್ಪಿಕೊಂಡೆವು. ಅರ್ಜಿಯಲ್ಲಿ ದಲಿತರು, ಹೋಟೆಲಿನಲ್ಲಿ ಬಂಗಾಲಿಗಳು. ಈ ಎರಡು ನಾಲಿಗೆಯ ಬಾಳು ಸಾಕು. ಸರ್ಟಿಫಿಕೇಟು ಬರಲಿ ಬಿಡಲಿ, ನಾವು ಯಾರೆಂದು ಮೊದಲು ಕೇರಿಗೆ ಹೋಗಿ ಹೇಳಬೇಕು. ಆಮೇಲೆ ಕಚೇರಿಗೆ.

ಹೋದೆವು. ದೊಡ್ಡವ್ವ ಈಗಿಲ್ಲ. ಆಕೆಯ ಮಗಳಿದ್ದಾಳೆ. ನಮ್ಮವ್ವನಿಗೆ ಕನ್ನಡ ಕಲಿಸಿದಾಕೆ ಅವಳೇ, ಅದೇ ಗದ್ದೆಯ ಸಾಲಿನಲ್ಲಿ. ನಾವೂ ಅವ್ವನೂ ಅವಳ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆವು. ಅವಳು ಜೋಳದ ಹಿಟ್ಟು ನಾದುತ್ತ ಕೇಳಿಸಿಕೊಂಡಳು. ಕೊನೆಗೆ ಅಂದಳು, "ನಮ್ಮವ್ವಗ ಗೊತ್ತಿತ್ತು."

"ಏನು ಗೊತ್ತಿತ್ತಕ್ಕಾ?"

"ನಿಮ್ಮಾಕಿ ಹೊಟೇಲಿನಾಗ ಕುಂತು ಹೆದರಿಕೊಂತ ಚಾ ಕುಡಿತಿದ್ಲಂತ. ಮ್ಯಾಲಿನ ಜಾತಿಯೋರು ಹಂಗ ಹೆದರಿಕೊಂತ ಕುಡಿಯಂಗಿಲ್ಲ, ಇಕಿನೂ ನಮ್ಮಾಕೀನ ಅಂತ ನಮ್ಮವ್ವ ಅಂತಿದ್ಲು. ಹೇಳಬ್ಯಾಡ್ರಿ, ಬಡವಿ ಒಂದು ಕಪ್ಪು ಚಾ ಕುಡೀಲಿ ಅಂತಿದ್ಲು."

ನಮ್ಮವ್ವ ಅವಳ ಕೈಯಿಂದ ಹಿಟ್ಟು ತಗೊಂಡು ರೊಟ್ಟಿ ಬಡಿಯಲು ಕೂತಳು. ನಾವು ಅಲ್ಲೇ ಉಂಡು ಬಂದೆವು. ರೊಟ್ಟಿ, ಪುಂಡಿಪಲ್ಯ.

ಅವತ್ತು ರಾತ್ರಿ ಅವ್ವನ ಅರ್ಜಿ ತುಂಬಿದೆವು. ಹೆಸರು, ಊರು, ಬಂದ ವರ್ಷ. ಒಂದು ಕಡೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಗಳಲ್ಲಿ ಒಂದು ನನಗೆ ಸಾಕಷ್ಟು ಬರುತ್ತದೆ ಎಂದು ಘೋಷಿಸಬೇಕು. ಇಪ್ಪತ್ತೆರಡು ಭಾಷೆಗಳಲ್ಲಿ ಬಂಗಾಲಿಯೂ ಇದೆ, ಕನ್ನಡವೂ ಇದೆ. "ಯಾವುದು ಬರೀಲಿ ಅವ್ವಾ?" ಅಂತ ಕೇಳಿದೆವು. ಬಂಗಾಲಿ ಅಂದರೂ ನಡೆಯುತ್ತಿತ್ತು.

ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಕನ್ನಡ ಬರಿ" ಅಂದಳು. ಮತ್ತೆ ಕೇಳಿದಳು, "ಯಾರು ಕಲಿಸಿದ್ರು ಅಂತ ಬರಿಯಾಕ ಜಾಗ ಇಲ್ಲೇನು?"

ನೋಡಿದೆವು. ಇಲ್ಲ. ಅದಕ್ಕೇ ಇಲ್ಲಿ ಬರೆದೆವು.